ಹಾವಿನ ಟ್ಯಾಂಕಿಗೆ ಕೊಂಬೆ: ಯಾವ ಮರ ತರೋದು, ಹೇಗೆ ಕ್ಲೀನ್ ಮಾಡೋದು, ಹೇಗೆ ಕೂರಿಸೋದು

ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಥರದ ವಿಷ ಇಲ್ಲದ ಹೊರದೇಶದ ಹಾವು ಸಾಕೋರು ತುಂಬಾ ಜನ ಕೇಳೋ ಪ್ರಶ್ನೆ ಇದು, ಹೊರಗಡೆ ಬಿದ್ದಿರೋ ಕೊಂಬೆ ತಂದು ಟ್ಯಾಂಕಿಗೆ, ಅಂದ್ರೆ ಹಾವು ಇರೋ ಗೂಡಿಗೆ, ಹಾಕಬಹುದಾ ಅಂತ. ಹಾಕಬಹುದು. ಆದ್ರೆ ಅದು ಯಾವ ಮರದ್ದು ಅಂತ ಗೊತ್ತಿರಬೇಕು, ಆ ಮರ ಎಲ್ಲಿ ನಿಂತಿತ್ತು, ಅದಕ್ಕೆ ಯಾರು ಏನು ಹೊಡೆದಿದ್ರು ಅನ್ನೋದೂ ಗೊತ್ತಿರಬೇಕು. ಹೆಚ್ಚಿನವರು ಇದನ್ನ ಬಿಟ್ಟು ನೇರವಾಗಿ ಓವನ್ ಎಷ್ಟು ಡಿಗ್ರಿ, ಬ್ಲೀಚ್ ಎಷ್ಟು ಅನ್ನೋದಕ್ಕೆ ಹೋಗಿಬಿಡ್ತಾರೆ. ಬಿಸಿ ಮಾಡಿದ್ರೆ ಹುಳ ಸಾಯತ್ತೆ, ಮೊಟ್ಟೆ ಸಾಯತ್ತೆ, ಫಂಗಸ್ ಕಮ್ಮಿ ಆಗತ್ತೆ ನಿಜ, ಆದ್ರೆ ಕಣಗಿಲೆ ಕೊಂಬೆನ ಎಷ್ಟು ಬೇಯಿಸಿದ್ರೂ ಅದು ಕಣಗಿಲೇನೇ. ಅದಕ್ಕೇ ಈ ಬರಹದಲ್ಲಿ ಅರ್ಧದಷ್ಟು ಮರ ಆರಿಸೋದ್ರ ಬಗ್ಗೆನೇ ಇರತ್ತೆ, ದಯವಿಟ್ಟು ಅದನ್ನ ಸ್ಕಿಪ್ ಮಾಡಬೇಡಿ.

ಶುರು ಮಾಡೋ ಮುಂಚೆ ಕಾನೂನಿನ ವಿಷಯ ಎರಡು ಮಾತು. ನಮ್ಮ ದೇಶದ ಹಾವು, ಅಂದ್ರೆ ಕೇರೆ, ನಾಗರ, ಹೆಬ್ಬಾವು ಯಾವುದನ್ನೂ ಮನೇಲಿ ಇಟ್ಕೊಳ್ಳೋ ಹಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್ ಹೊರದೇಶದ್ದೇ ಆದ್ರೂ ಸೈಟಿಸ್, ಅಂದ್ರೆ ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರದ ಒಪ್ಪಂದದ, ಪಟ್ಟಿಯ ಎರಡನೇ ಅನುಬಂಧದಲ್ಲಿದೆ, ಹಾಗಾಗಿ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡಿಸಿರಬೇಕು. ಮರದ ವಿಷಯಕ್ಕೂ ಕಾನೂನಿದೆ. ಕಾಡಿಗೆ ಟ್ರೆಕ್ಕಿಂಗ್ ಹೋದಾಗ ಚೆನ್ನಾಗಿದೆ ಅಂತ ಒಣಗಿದ ಬೊಡ್ಡೆ ಎತ್ಕೊಂಡು ಬರಬೇಡಿ, ಸಂರಕ್ಷಿತ ಅರಣ್ಯದಲ್ಲಿ ಬಿದ್ದ ಕಡ್ಡಿಯೂ ಅರಣ್ಯ ಇಲಾಖೆದೇ. ಅಷ್ಟೇ ಅಲ್ಲ, ಆ ಟೊಳ್ಳು ಬೊಡ್ಡೆ ಯಾವುದೋ ಓತಿಕ್ಯಾತಕ್ಕೋ ಚೇಳಿಗೋ ಮನೆ ಆಗಿರತ್ತೆ. ಕಾಡಿಂದು ಕಾಡಲ್ಲೇ ಇರಲಿ.

ಎಲ್ಲಿಂದ ತರೋದು

ಬೆಸ್ಟ್ ಅಂದ್ರೆ ಗೊತ್ತಿರೋರ ಹಿತ್ತಲು ಅಥವಾ ತೋಟ. ಮರದಲ್ಲಿ ಎಲೆ ಇರುವಾಗಲೇ ನೋಡಿ ಯಾವ ಮರ ಅಂತ ಖಾತ್ರಿ ಮಾಡ್ಕೊಂಡು, ಮನೆಯವರ ಹತ್ರ ಏನು ಔಷಧಿ ಹೊಡೀತೀರ, ಯಾವಾಗ ಹೊಡೆದಿದ್ರಿ ಅಂತ ಕೇಳಿ ಕಡಿಸ್ಕೊಂಡು ಬರಬಹುದು. ಎಲೆ ಉದುರಿ ಒಣಗಿ ಬಿದ್ದಿರೋ ಕೊಂಬೆನ ನೋಡಿ ಇದು ಸೀಬೆ, ಇದು ನೇರಳೆ ಅಂತ ಹೇಳೋದು ಅನುಭವ ಇರೋ ರೈತರಿಗೂ ಕಷ್ಟ. ಗುರುತು ಹಿಡಿಯೋಕೆ ಆಗದೇ ಇರೋ ಕೊಂಬೆ ಎಷ್ಟೇ ಚೆಂದ ಇದ್ರೂ ಬಿಟ್ಟುಬಿಡಿ, ನಾನಂತೂ ಇದ್ರಲ್ಲಿ ರಾಜಿ ಮಾಡ್ಕೊಳಲ್ಲ.

ಬೆಂಗಳೂರಲ್ಲಿ ಏಪ್ರಿಲ್ ಮೇ ಮಳೆಗೆ ರೋಡ್ ತುಂಬಾ ಕೊಂಬೆ ಬಿದ್ದಿರತ್ತೆ, ಎತ್ಕೊಳೋಣ ಅನ್ನಿಸೋದು ಸಹಜ. ಆದ್ರೆ ರೋಡ್ ಸೈಡ್ ಮರದ ತೊಗಟೇಲಿ ವರ್ಷಗಟ್ಟಲೆ ವಾಹನದ ಹೊಗೆ ಮಸಿ ಕೂತಿರತ್ತೆ, ಬೋರ್ಡ್ ಹೊಡೆದ ಮೊಳೆ, ಸ್ಟೇಪ್ಲರ್ ಪಿನ್, ಕೇಬಲ್ ವೈರ್ ಮರದ ಒಳಗೇ ಹುದುಗಿ ಹೋಗಿರತ್ತೆ, ಆ ಮೊಳೆ ತುದಿ ಹಾವಿನ ಹೊಟ್ಟೆ ಕಡೆ ಚರ್ಮಕ್ಕೆ ತಾಗಿದ್ರೆ ಗಾಯ ಆಗತ್ತೆ. ಗುಲ್‌ಮೊಹರ್ ಕೊಂಬೆ ಅಂತೂ ಒಣಗಿದ ಮೇಲೆ ಪಟ್ ಅಂತ ಮುರಿಯತ್ತೆ. ಪಾರ್ಕ್ ಒಳಗಡೆ, ರೋಡಿಂದ ದೂರ ಇದ್ದ ಮರ ಆದ್ರೆ ಅಲ್ಲಿನವರನ್ನ ಕೇಳಿ ತರಬಹುದು, ಆದ್ರೆ ಹಸಿ ಮರದಿಂದ ನೀವೇ ಕಡಿಯೋಕೆ ಹೋಗಬೇಡಿ, ಸಿಟೀಲಿ ಮರ ಕಡಿಯೋಕೆ ಅನುಮತಿ ಬೇಕು.

ಕನ್‌ಸ್ಟ್ರಕ್ಷನ್ ಸೈಟಿನ ಮರ ಬೇಡ್ವೇ ಬೇಡ. ಸೆಂಟ್ರಿಂಗ್ ಕೆಲಸಕ್ಕೆ ಬಳಸಿದ ಸರ್ವೆ ಕಂಬ, ಹಲಗೆ ಎಲ್ಲಾ ಸಿಮೆಂಟ್ ಜೊತೆ ಹಳೇ ಇಂಜಿನ್ ಆಯಿಲ್ ಕುಡಿದಿರತ್ತೆ. ಸರಕು ಹೇರೋ ಪ್ಯಾಲೆಟ್‌ನ ಮರ ಬಳಸೋರು ಅದ್ರ ಮೇಲಿನ ಸೀಲ್ ನೋಡಿ, ಎಚ್‌ಟಿ ಅಂತಿದ್ರೆ ಬಿಸಿಯಲ್ಲಿ ಟ್ರೀಟ್ ಮಾಡಿದ್ದು, ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಗ್ಯಾಸ್ ಹಾಯಿಸಿದ್ದು. ಎಂಬಿ ಇದ್ರೆ ಮುಟ್ಟೋದೇ ಬೇಡ, ಎಚ್‌ಟಿ ಇದ್ರೂ ಅದು ಹೆಚ್ಚಾಗಿ ಪೈನ್ ಮರ, ಜೊತೆಗೆ ಅದ್ರ ಮೇಲೆ ಯಾವ ಕೆಮಿಕಲ್ ಡ್ರಮ್ ಸೋರಿತ್ತೋ ಯಾರಿಗೂ ಗೊತ್ತಿರಲ್ಲ.

ಸಮುದ್ರ ತೀರದಲ್ಲಿ ಸಿಗೋ ಮರದ ತುಂಡುಗಳಲ್ಲಿ ಉಪ್ಪು ಒಳಗಿನ ತನಕ ಇಳಿದಿರತ್ತೆ, ವಾರಗಟ್ಟಲೆ ಸಿಹಿ ನೀರಲ್ಲಿ ನೆನೆಹಾಕಿ ದಿನಾ ನೀರು ಬದಲಾಯಿಸಬೇಕು, ಮೇಲಾಗಿ ಮರ ಯಾವುದು ಅಂತ ಹೇಳೋಕೇ ಆಗಲ್ಲ. ಅಷ್ಟು ಕಷ್ಟಪಡೋ ಬದಲು ಅಕ್ವೇರಿಯಂ ಅಂಗಡೀಲಿ ಡ್ರಿಫ್ಟ್‌ವುಡ್ ತಗೊಳ್ಳಿ, ರೇಟ್ ಜಾಸ್ತಿ ಆದ್ರೂ ನೆಮ್ಮದಿ. ಶೋಪೀಸ್ ಅಂಗಡಿಯ ಪಾಲಿಶ್ ಹೊಡೆದ ಬೊಡ್ಡೆ ಮಾತ್ರ ಬೇಡ, ಅದಕ್ಕೆ ವಾರ್ನಿಶ್ ಬಳಿದಿರ್ತಾರೆ.

ಯಾವ ಮರ ಒಳ್ಳೇದು

ನನ್ನ ಫಸ್ಟ್ ಚಾಯ್ಸ್ ಸೀಬೆ. ಗಟ್ಟಿ ಮರ, ಬೇಗ ಕೊಳೆಯಲ್ಲ, ಅಂಕುಡೊಂಕಾಗಿ ಬೆಳೆಯೋದ್ರಿಂದ ಹಾವಿಗೆ ಹಿಡಿತ ಸಿಗತ್ತೆ, ತೊಗಟೆ ತಾನೇ ಸುಲಿದು ಬರತ್ತೆ, ಹಾಲು ಸೊನೆ ಏನೂ ಇಲ್ಲ. ನಮ್ಮ ಕಡೆ ಯಾವ ಹಿತ್ತಲಲ್ಲೂ ಸಿಗತ್ತೆ ಅನ್ನೋದು ಇನ್ನೊಂದು ಅನುಕೂಲ.

ಎರಡನೇದು ಕಾಫಿ. ಹೊರದೇಶದಲ್ಲಿ ಗಿಳಿ ಕೂರೋಕೆ, ಹಾವು ಹತ್ತೋಕೆ ಅಂತ ದುಬಾರಿ ರೇಟಿಗೆ ಮಾರೋ ಜಾವಾ ವುಡ್ ಇದೆಯಲ್ಲ, ಅದು ಹಳೇ ಕಾಫಿ ಗಿಡವೇ. ಚಿಕ್ಕಮಗಳೂರು, ಕೊಡಗು, ಸಕಲೇಶಪುರ ಕಡೆ ತೋಟಗಳಲ್ಲಿ ಹಳೇ ಗಿಡ ಕಿತ್ತು ಹೊಸದು ಹಾಕುವಾಗ ಆ ಬುಡಗಳು ಸೌದೆಗೆ ಹೋಗತ್ತೆ. ಆದ್ರೆ ಇಲ್ಲಿ ಎರಡು ವಿಷಯ ಕೇಳಲೇಬೇಕು. ಅರೇಬಿಕಾ ಗಿಡ ಕೀಳೋದು ಎಷ್ಟೋ ಸಲ ಬಿಳಿ ಕಾಂಡಕೊರಕ ಬಿದ್ದಿದೆ ಅಂತಾನೇ, ಅಂಥ ಬುಡದ ಒಳಗೆ ಹುಳ ಸುರಂಗ ಕೊರೆದಿರತ್ತೆ, ನೋಡೋಕೆ ಗಟ್ಟಿ ಕಂಡ್ರೂ ಹಾವಿನ ಭಾರಕ್ಕೆ ಮುರಿಯಬಹುದು, ಹಾಲ್‌ನಲ್ಲಿ ಇಟ್ಟಿರೋವಾಗ ದುಂಬಿ ಹೊರಗೆ ಬಂದ್ರೂ ಬಂತೇ. ಇನ್ನೊಂದು, ಆ ಹುಳಕ್ಕೆ ಅಂತ ಕಾಂಡಕ್ಕೇ ಔಷಧಿ ಸವರ್ತಾರೆ. ಹಿಂದೆ ಲಿಂಡೇನ್ ಬಳಿಯೋರು, ಅದನ್ನ 2013ರಿಂದ ಬಳಸೋ ಹಾಗಿಲ್ಲ, ಆಮೇಲೆ ಕ್ಲೋರೋಪೈರಿಫಾಸ್ ಬಂತು. ಲಿಂಡೇನ್ ಬೇಗ ಕರಗಿ ಹೋಗೋ ಜಾತಿಯದಲ್ಲ, ಹಾಗಾಗಿ ತುಂಬಾ ಹಳೇ ಅರೇಬಿಕಾ ತೋಟದ ಬುಡ ಅಂದ್ರೆ ನಾನು ಮುಖ್ಯ ಕಾಂಡ ಬಿಟ್ಟು ಮೇಲಿನ ಕೊಂಬೆ ಮಾತ್ರ ತಗೋತೀನಿ. ರೋಬಸ್ಟಾಗೆ ಈ ಹುಳದ ಕಾಟ ಕಮ್ಮಿ, ಬುಡವೂ ದಪ್ಪ, ಅದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಎಲ್ಲಾ ತೋಟದಲ್ಲೂ ಹೊಡೀತಾರೆ, ಅದು ತೊಗಟೆ ಮೇಲೆ ಕೂರತ್ತೆ, ತೊಗಟೆ ಪೂರ್ತಿ ಕೆರೆದು ತೊಳೆದ್ರೆ ಹೋಗತ್ತೆ. ತೋಟದಲ್ಲಿ ಕಾಫಿ ಪಕ್ಕದಲ್ಲೇ ನಿಂತಿರೋ ಸಿಲ್ವರ್ ಓಕ್ ಮಾತ್ರ ಬೇಡ, ಅದ್ರ ಮರ ಎಷ್ಟೋ ಜನಕ್ಕೆ ಚರ್ಮದ ಅಲರ್ಜಿ ಮಾಡತ್ತೆ.

ರೇಷ್ಮೆ ಸೊಪ್ಪಿನ ಗಿಡ, ಅಂದ್ರೆ ಹಿಪ್ಪುನೇರಳೆನೂ ಒಳ್ಳೇದು. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ ಕಡೆ ಗುಡ್ಡೆಗಟ್ಟಲೆ ರೇಷ್ಮೆ ಕಡ್ಡಿ ಸಿಗತ್ತೆ, ಮತ್ತೆ ಸೊಪ್ಪಿಗೆ ಔಷಧಿ ತಾಗಿದ್ರೆ ರೇಷ್ಮೆ ಹುಳಾನೇ ಸಾಯೋದ್ರಿಂದ ರೈತರು ಸಿಂಪಡಣೆ ವಿಷಯದಲ್ಲಿ ತುಂಬಾ ಹುಷಾರಾಗಿರ್ತಾರೆ. ಬೆಳೆ ಕಡ್ಡಿ ತೆಳು, ಮರಿ ಹಾವಿಗೆ ಸಾಕು, ದೊಡ್ಡದಕ್ಕೆ ಮರವಾಗಿ ಬೆಳೆಸಿರೋ ಹಿಪ್ಪುನೇರಳೆ ಹುಡುಕಬೇಕು.

ನೇರಳೆ, ಹುಣಸೆ ಎರಡೂ ಗಟ್ಟಿ, ಬಳಸಬಹುದು. ಹಲಸು, ಅತ್ತಿ, ಸಪೋಟ ಈ ಜಾತಿಯವಕ್ಕೆ ಹಸಿಯಿದ್ದಾಗ ಹಾಲು ಇರತ್ತೆ, ತಿಂಗಳುಗಟ್ಟಲೆ ಒಣಗಿಸಿ ಅಂಟು ಪೂರ್ತಿ ಹೋದ ಮೇಲೆ ಮಾತ್ರ. ದ್ರಾಕ್ಷಿ ಬಳ್ಳಿ ನೋಡೋಕೆ ಎಲ್ಲಕ್ಕಿಂತ ಸುಂದರ ಆದ್ರೂ ಎರಡು ತೊಂದರೆ ಇದೆ. ದ್ರಾಕ್ಷಿ ತೋಟಕ್ಕೆ ಹೊಡೆಯೋಷ್ಟು ಫಂಗಸ್ ಔಷಧಿ ಇನ್ಯಾವುದಕ್ಕೂ ಹೊಡೆಯಲ್ಲ, ಮತ್ತೆ ಆ ಮರ ಸ್ವಲ್ಪ ತೇವ ಸಿಕ್ಕಿದ್ರೂ ಬೂಷ್ಟು ಹಿಡಿಯತ್ತೆ. ಬಾಲ್ ಪೈಥಾನ್‌ಗೆ ಶೇಕಡಾ 55ರಿಂದ 70 ಹ್ಯೂಮಿಡಿಟಿ ಬೇಕು, ಅಲ್ಲಿಗೆ ದ್ರಾಕ್ಷಿ ಬಳ್ಳಿ ಸರಿಹೋಗಲ್ಲ. ಬಿದಿರು ವಿಷ ಅಲ್ಲ, ಆದ್ರೆ ಅಂಗಡಿ ಬಿದಿರಿಗೆ ಹುಳ ಬೀಳದಿರೋ ಹಾಗೆ ಬೋರಾಕ್ಸ್‌ನಂಥದ್ದು ಹಾಕಿರ್ತಾರೆ, ಜಾರತ್ತೆ ಬೇರೆ, ಸೀಳಿದ ಅಂಚು ಬ್ಲೇಡ್ ತರ ಇರತ್ತೆ. ಬಳಸೋದಾದ್ರೆ ಹಳ್ಳಿಯ ಬಿದಿರು ತಂದು ಅಂಚು ಉಜ್ಜಿ ನಯ ಮಾಡಿ.

ಯಾವುದು ಬೇಡ

ಕಣಗಿಲೆ, ಹಳದಿ ಕಣಗಿಲೆ ಎರಡರಲ್ಲೂ ಹೃದಯ ನಿಲ್ಲಿಸೋ ವಿಷ ಇದೆ, ಗಿಡದ ಎಲ್ಲಾ ಭಾಗದಲ್ಲೂ ಇದೆ. ಕಳ್ಳಿ ಜಾತಿಯವು ಹಾಲಿನಿಂದ ಕಣ್ಣಿಗೇ ಅಪಾಯ. ದೇವಗಣಗಿಲೆ ಕೊಂಬೆ ಕವಲು ಕವಲಾಗಿ ಟ್ಯಾಂಕಿಗೇ ಮಾಡಿಸಿದ ಹಾಗಿರತ್ತೆ ಅಂತ ಜನ ಆಸೆಪಡ್ತಾರೆ, ಅದ್ರ ಹಾಲೂ ಚರ್ಮ ಕೆರಳಿಸತ್ತೆ, ಮರವೂ ಮೆತ್ತಗೆ ಕೊಳೆಯತ್ತೆ. ಮಲೆನಾಡಿನವರಿಗೆ ಗುಡ್ಡೆಗೇರು, ಹೊಲಗೇರು ಬಗ್ಗೆ ಹೇಳೋದೇ ಬೇಕಿಲ್ಲ, ಅದ್ರ ಕರಿ ಸೊನೆ ತಾಗಿ ಮೈಯೆಲ್ಲಾ ಬೊಬ್ಬೆ ಬಂದಿರೋರನ್ನ ಅವ್ರು ನೋಡಿರ್ತಾರೆ. ಗೋಡಂಬಿ ಮರ, ಮಾವು ಕೂಡ ಅದೇ ಕುಟುಂಬ. ಚೆನ್ನಾಗಿ ಒಣಗಿದ ಮಾವಿನ ಮರ ಗೋಡಂಬಿಯಷ್ಟು ಕೆಟ್ಟದಲ್ಲ, ಆದ್ರೂ ಸೀಬೆ ಸಿಗೋ ಊರಲ್ಲಿ ಸೊನೆ ಇರೋ ಮರ ಯಾಕೆ ಬೇಕು.

ಬೇಲಿ ಸಾಲಲ್ಲಿ ಬೆಳೆಯೋ ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯಾ, ತುಂಬಾ ಸುಲಭವಾಗಿ ಸಿಗತ್ತೆ ಅಂತ ತರಬೇಡಿ. ಮಧ್ಯ ಅಮೆರಿಕಾದಲ್ಲಿ ಅದ್ರ ತೊಗಟೆ ಬೀಜಾನ ಇಲಿ ಪಾಷಾಣ ಮಾಡೋಕೆ ಬಳಸ್ತಿದ್ರು.

ಇನ್ನು ಘಮ ಇರೋ ಮರಗಳು. ನೀಲಗಿರಿ, ಕರ್ಪೂರದ ಮರ, ದಾಲ್ಚಿನ್ನಿ, ದೇವದಾರು, ಸೀಡರ್, ಗಂಧ. ಮನುಷ್ಯರ ಮೂಗಿಗೆ ಹಿತವಾಗಿರೋದು ಮುಚ್ಚಿದ ಬೆಚ್ಚನೆ ಟ್ಯಾಂಕಲ್ಲಿ ದಿನದ 24 ಗಂಟೆ ಅದನ್ನೇ ಉಸಿರಾಡೋ ಹಾವಿಗೆ ಹಿತ ಅಲ್ಲ. ಹೀಟ್ ಲ್ಯಾಂಪ್ ಬಿಸಿಗೆ ಆ ಎಣ್ಣೆ ಇನ್ನೂ ಜಾಸ್ತಿ ಆವಿಯಾಗತ್ತೆ. ಸೀಡರ್ ವಿಷಯದಲ್ಲಿ ಸಾಕೋರೆಲ್ಲ ಒಂದೇ ಮಾತು ಹೇಳ್ತಾರೆ, ಬೇಡ ಅಂತ. ಒಣಗಿಸಿದ ಪೈನ್ ಬಗ್ಗೆ ವಾದ ಇದೆ, ನಾನು ಬಳಸಲ್ಲ. ತೇಗ, ಬೀಟೆ ಮರದ ಪುಡಿ ಬಡಗಿಗಳಿಗೇ ಅಲರ್ಜಿ ಮಾಡತ್ತೆ, ಅವೂ ಬೇಡ. ಬೇವು ತುಂಬಾ ಜನ ಹಾಕ್ತಾರೆ, ಆದ್ರೆ ಹುಳ ಕೊಲ್ಲೋ ಗುಣ ಇರೋ ಮರ ಅದು, ಬಯೋಆಕ್ಟಿವ್ ಟ್ಯಾಂಕ್ ಮಾಡಿ ಗಲೀಜು ತಿನ್ನಲಿ ಅಂತ ಐಸೋಪಾಡ್ ಅನ್ನೋ ಸಣ್ಣ ಜೀವಿ ಬಿಟ್ಟಿರೋರು ಅದ್ರಿಂದ ದೂರ ಇರೋದೇ ವಾಸಿ.

ಅಮೆರಿಕಾ, ಯುಕೆ ಕಡೆ ಇರೋ ನಮ್ಮೋರಿಗೆ ಓಕ್, ಮೇಪಲ್, ಬೀಚ್ ಸುಲಭವಾಗಿ ಸಿಗತ್ತೆ, ಅವು ಸೇಫ್. ಯೂ, ಲ್ಯಾಬರ್ನಮ್, ರೋಡೋಡೆಂಡ್ರಾನ್ ಬೇಡ. ಅಮೆರಿಕಾದಲ್ಲಿ ಪಾಯ್ಸನ್ ಐವಿ ಬಳ್ಳಿ ಸುತ್ತಿದ್ದ ಮರದ ತುಂಡು ಒಣಗಿದ ಮೇಲೂ ಚರ್ಮ ಸುಡತ್ತೆ, ತೊಗಟೆ ಮೇಲೆ ಕೂದಲು ಕೂದಲಾದ ಬೇರಿನ ಗುರುತು ಇದ್ರೆ ಅಲ್ಲೇ ಬಿಟ್ಟು ಬನ್ನಿ.

ಒಣಗಿಸೋದು

ಹಸಿ ಕೊಂಬೆನ ನೇರವಾಗಿ ಟ್ಯಾಂಕಿಗೆ ಹಾಕೋ ಹಾಗಿಲ್ಲ. ಒಳಗಿನ ತೇವಕ್ಕೆ ಬೂಷ್ಟು ಬರತ್ತೆ, ಒಣಗ್ತಾ ಒಣಗ್ತಾ ಬಿರುಕು ಬಿಟ್ಟು ಸ್ಕ್ರೂ ಸಡಿಲ ಆಗತ್ತೆ. ಟ್ಯಾಂಕ್ ಅಳತೆಗಿಂತ ಸ್ವಲ್ಪ ಉದ್ದ ಬಿಟ್ಟು ಗರಗಸದಲ್ಲಿ ಕುಯ್ದು, ನೆಲಕ್ಕೆ ತಾಗದ ಹಾಗೆ ಇಟ್ಟಿಗೆ ಮೇಲಿಟ್ಟು, ಮಳೆ ಬೀಳದ ಗಾಳಿಯಾಡೋ ಜಾಗದಲ್ಲಿ ಬಿಡಿ. ನೆಲಕ್ಕೆ ತಾಗಿದ್ರೆ ಗೆದ್ದಲು ಗ್ಯಾರಂಟಿ. ಬಯಲುಸೀಮೆ ಬಿಸಿಲಿಗೆ ಹೆಬ್ಬೆರಳು ದಪ್ಪದ್ದು ಒಂದು ತಿಂಗಳಲ್ಲಿ ಒಣಗತ್ತೆ, ಮುಂಗೈ ದಪ್ಪದ್ದಕ್ಕೆ ಮೂರ್ನಾಲ್ಕು ತಿಂಗಳು ಬೇಕು, ಮಲೆನಾಡು ಕರಾವಳಿಯಲ್ಲಿ ಮಳೆಗಾಲ ಮುಗಿಯೋ ತನಕ ಕಾಯದೆ ಬೇರೆ ದಾರಿ ಇಲ್ಲ. ಎರಡು ತುಂಡು ಒಂದಕ್ಕೊಂದು ತಟ್ಟಿದ್ರೆ ಒಣಗಿದ್ದು ಟಣ್ ಅನ್ನತ್ತೆ, ಹಸಿ ಇದ್ರೆ ದಪ್ ಅನ್ನತ್ತೆ.

ಕೆರೆಯೋದು, ತೊಳೆಯೋದು

ಸಡಿಲ ತೊಗಟೆ ಎಲ್ಲಾ ಕಿತ್ತುಬಿಡಿ, ಹುಳ, ಜರಿ, ಇರುವೆ ಮೊಟ್ಟೆ ಇರೋದು ಅದ್ರ ಕೆಳಗೇ. ಗಟ್ಟಿಯಾಗಿ ಅಂಟಿರೋ ಒರಟು ತೊಗಟೆ, ಔಷಧಿ ಕಾಣದ ಮರದ್ದಾದ್ರೆ, ಬಿಡಬಹುದು, ಪೊರೆ ಬಿಡೋವಾಗ ಹಾವು ಮೈ ಉಜ್ಜೋಕೆ ಅದು ಬೇಕು. ಕುಯ್ದ ತುದಿ, ಮುರಿದ ಗಂಟು, ಸಿಬಿರು ಎಲ್ಲಾ 80 ನಂಬರ್ ಸ್ಯಾಂಡ್ ಪೇಪರಲ್ಲಿ ಉಜ್ಜಿ, ಕೊನೆಗೆ ಒಂದು ಹಳೇ ನೈಲಾನ್ ಬಟ್ಟೆ ಕೊಂಬೆ ಮೇಲೆ ಎಳೀರಿ, ಎಲ್ಲಿ ಸಿಕ್ಕಾಕೊಳ್ಳತ್ತೋ ಅಲ್ಲಿ ಇನ್ನೂ ಉಜ್ಜಬೇಕು ಅಂತ ಅರ್ಥ.

ತೂತುಗಳನ್ನ ಗಮನ ಇಟ್ಟು ನೋಡಿ. ಹಾವು ತಲೆ ತೂರಿದ ಕಡೆ ಮೈ ತೂರಿಸೋಕೆ ನೋಡತ್ತೆ, ಊಟ ಆದ ಮೇಲೆ ಹೊಟ್ಟೆ ದಪ್ಪ ಆಗಿ ಮಧ್ಯದಲ್ಲಿ ಸಿಕ್ಕಾಕೊಂಡ್ರೆ ಬಿಡಿಸೋದು ಕಷ್ಟ. ಟೊಳ್ಳು ಇದ್ರೆ ಎರಡೂ ಕಡೆ ಧಾರಾಳವಾಗಿ ಅಗಲ ಇರಬೇಕು, ಇಲ್ಲ ಮರದ ಬಿರಡೆ ಬಡಿದು ಮುಚ್ಚಬೇಕು.

ತೊಳೆಯೋಕೆ ಬಿಸಿ ನೀರು, ಗಟ್ಟಿ ಬ್ರಷ್ ಸಾಕು. ಸೋಪು, ಸರ್ಫ್, ಫಿನೈಲ್, ಡೆಟಾಲ್ ಯಾವುದೂ ಬೇಡ. ಮರ ಹೀರ್ಕೊಳ್ಳೋ ವಸ್ತು, ಹಾಕಿದ್ದು ಒಳಗೇ ಉಳಿಯತ್ತೆ, ಫೀನಾಲ್ ಇರೋ ಕ್ಲೀನರ್ ಹಾವಿಗೆ ವಿಷ. ಬ್ಲೀಚ್ ಹಾಕಲೇಬೇಕು ಅನ್ನೋರು ವಾಸನೆ ಬಣ್ಣ ಸೇರಿಸದ ಸಾದಾ ಹೈಪೋಕ್ಲೋರೈಟ್ ತಗೊಂಡು 1 ಪಾಲಿಗೆ 10 ಪಾಲು ನೀರು ಬೆರೆಸಿ 15 ನಿಮಿಷ ಅದ್ದಿ, ಆಮೇಲೆ ತುಂಬಾ ಸಲ ತೊಳೆದು, ಒಂದಿಡೀ ದಿನ ನೀರಲ್ಲಿ ನೆನೆಸಿ, ವಾಸನೆ ಪೂರ್ತಿ ಹೋಗೋ ತನಕ ಬಿಸಿಲಿಗೆ ಇಡಿ. ಬ್ಲೀಚ್ ಜೊತೆ ವಿನೆಗರ್, ಟಾಯ್ಲೆಟ್ ಕ್ಲೀನರ್ ಥರದ ಆಸಿಡ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಈ ಕೆಲಸ ಮಾಡಬೇಡಿ.

ಇನ್ನೊಬ್ಬರು ಬಳಸಿದ ಹಳೇ ಕೊಂಬೆ ಫ್ರೀಯಾಗಿ ಕೊಟ್ರೂ ತಗೋಬೇಡಿ. ಹಾವಿನ ರಕ್ತ ಹೀರೋ ಮೈಟ್ಸ್ ಅನ್ನೋ ಸಣ್ಣ ಹುಳ ಒಂದು ಕಡೆ, ಅದಕ್ಕಿಂತ ಭಯ ಕ್ರಿಪ್ಟೋ, ಅಂದ್ರೆ ಕ್ರಿಪ್ಟೋಸ್ಪೋರಿಡಿಯಂ, ಆ ಪರಾವಲಂಬಿ ಬ್ಲೀಚಿಗೆ ಜಗ್ಗಲ್ಲ, ಮರದ ಸಂದೀಲಿ ಉಳ್ಕೊಂಡ್ರೆ ನಿಮ್ಮ ಹಾವಿಗೆ ಬರತ್ತೆ, ವಾಸಿ ಮಾಡೋ ಭರವಸೆ ಇರೋ ಔಷಧಿ ಇಲ್ಲ.

ಬಿಸಿ ಮಾಡೋದು

ಪ್ಯಾಕಿಂಗ್ ಮರಕ್ಕೆ ಅಂತಾರಾಷ್ಟ್ರೀಯ ನಿಯಮ ಹೇಳೋದು ಏನಂದ್ರೆ, ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ಹಾಗೇ ಇರಬೇಕು. ನಮಗೂ ಅದೇ ಗುರಿ. ಓವನ್ ಒಳಗಿನ ಬಿಸಿ ಎಷ್ಟು ಅನ್ನೋದಕ್ಕಿಂತ ಮರದ ಹೊಟ್ಟೇಲಿ ಎಷ್ಟಿದೆ ಅನ್ನೋದು ಮುಖ್ಯ. ಓಟಿಜಿಯಲ್ಲಿ 110ರಿಂದ 120 ಡಿಗ್ರಿ ಇಟ್ಟು, ತೆಳು ಕಡ್ಡಿಗೆ ಮುಕ್ಕಾಲು ಗಂಟೆ, ಮುಂಗೈ ದಪ್ಪದ್ದಕ್ಕೆ ಎರಡು ಗಂಟೆ. ಕಿಚನ್ ಥರ್ಮಾಮೀಟರ್ ಇದ್ರೆ ಅಡಿಭಾಗದಲ್ಲಿ ಸಣ್ಣ ತೂತು ಕೊರೆದು ಒಳಗಿನ ಬಿಸಿ ಅಳೀಬಹುದು, ಅದು ಎಲ್ಲಕ್ಕಿಂತ ನಂಬಿಕೆಯ ದಾರಿ. ಮರ ಓವನ್ ರಾಡಿಗೆ ತಾಗಬಾರದು, ಬಿಟ್ಟು ಬೇರೆ ಕೆಲಸಕ್ಕೆ ಹೋಗಬಾರದು, ಹೊಗೆ ಬಂದ್ರೆ ಆಫ್ ಮಾಡಿ ಬಾಗಿಲು ತೆಗೆಯದೆ ಬಿಡಿ. ಮೈಕ್ರೋವೇವ್ ಬೇಡ, ಅದ್ರಲ್ಲಿ ಮರ ಒಳಗಿಂದ ಹೊತ್ತಿಕೊಳ್ಳತ್ತೆ.

ಓವನ್‌ಗೆ ಹಿಡಿಯದ ಕೊಂಬೆಗೆ ಊರ ಕಡೆ ಬಚ್ಚಲು ಮನೆ ಹಂಡೆಗಿಂತ ಒಳ್ಳೇದು ಇಲ್ಲ. ಮರ ಮುಳುಗೋ ಹಾಗೆ ಕಲ್ಲು ಹೇರಿ ಒಂದು ಗಂಟೆ ಕೊತಕೊತ ಕುದಿಸಿ, ದಪ್ಪ ಇದ್ರೆ ಎರಡು ಗಂಟೆ. ನೀರು ಟೀ ಬಣ್ಣಕ್ಕೆ ತಿರುಗತ್ತೆ, ಅದು ಮರದ ಒಗರು, ಗಾಬರಿ ಬೇಡ, ಚೆಲ್ಲಿ ಇನ್ನೊಂದು ಸಲ ಕುದಿಸಿ. ಮೇಲೆ ಎಣ್ಣೆ ತೇಲಿದ್ರೆ, ಕಟು ವಾಸನೆ ಬಂದ್ರೆ ಆ ಮರಾನ ಒಲೆಗೂ ಹಾಕದೆ ಎಸೆದುಬಿಡಿ. ಕುದಿಸಿದ ಮರ ಮತ್ತೆ ಪೂರ್ತಿ ಒಣಗಬೇಕು, ಎರಡು ಮೂರು ವಾರ ಬಿಸಿಲು. ಬರೀ ಬಿಸಿಲಿಗೆ ಇಟ್ಟರೆ ಸಾಕು ಅನ್ನೋರಿದ್ದಾರೆ, ಬಿಸಿಲು ಒಣಗಿಸತ್ತೆ, ಒಳಗಿನ ಕೊರಕ ಹುಳಾನ ಕೊಲ್ಲುತ್ತೆ ಅಂತ ನಂಬೋಕಾಗಲ್ಲ.

ಇಷ್ಟಾದ ಮೇಲೂ ನೇರವಾಗಿ ಹಾವಿನ ಹತ್ರ ಇಡಬೇಡಿ. ಮುಚ್ಚಳ ಇರೋ ದೊಡ್ಡ ಪ್ಲಾಸ್ಟಿಕ್ ಟಬ್ಬಲ್ಲಿ ಅಡಿಗೆ ಬಿಳಿ ಪೇಪರ್ ಹಾಸಿ, ಮೂಲೇಲಿ ಒದ್ದೆ ಸ್ಪಾಂಜ್ ಇಟ್ಟು, ಕೊಂಬೆನ ಎರಡು ವಾರ ಬಿಡಿ. ಹುಳ ಬದುಕಿದ್ರೆ ಬಿಳಿ ಪೇಪರ್ ಮೇಲೆ ಹಿಟ್ಟಿನಂಥ ಪುಡಿ ಬೀಳತ್ತೆ, ಮತ್ತೆ ಬಿಸಿ ಮಾಡಿ. ಬಿಳಿ ಬೂಷ್ಟು ಸ್ವಲ್ಪ ಬಂದ್ರೆ ಬ್ರಷ್ ಮಾಡಿ ಒಣಗಿಸಿದ್ರೆ ಆಯ್ತು, ಕಪ್ಪು ಅಥವಾ ಹಸಿರು ಬೂಷ್ಟು ಪದೇ ಪದೇ ಬಂದ್ರೆ ಆ ತುಂಡು ಬೇಡ. ಕಾಯೋದು ಬೇಜಾರಿನ ಕೆಲಸ, ಆದ್ರೆ ಈ ಟಬ್ ಹೇಳೋದನ್ನ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ.

ಕೂರಿಸೋದು

ಕೊಂಬೆ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಕಮ್ಮಿ ಇರಬಾರದು. ದೊಡ್ಡ ಹೆಣ್ಣು ಬಾಲ್ ಪೈಥಾನ್ ಎರಡು ಕೆಜಿ ತೂಗಬಹುದು, ಆ ತೂಕ ಒಂದೇ ಕಡೆ ಬೀಳತ್ತೆ, ಹಾಗಾಗಿ ಅದ್ರ ದುಪ್ಪಟ್ಟು ಭಾರ ನೇತುಹಾಕಿ ಟೆಸ್ಟ್ ಮಾಡಿ. ಗಾಜಿನ ಬದಲು ಮರದ ಅಥವಾ ಪಿವಿಸಿ ಗೂಡು ಆದ್ರೆ ಹೊರಗಿಂದ ಸ್ಕ್ರೂ ಹಾಕಿ ಕೊಂಬೆ ತುದಿಗೆ ಬಿಗಿಯೋದು ಒಳ್ಳೇದು. ಗಾಜಿನ ಟ್ಯಾಂಕಲ್ಲಿ ಕೊಂಬೆ ಬುಡಾನ ದಪ್ಪ ಕಡಪ ಕಲ್ಲಿಗೆ ಸ್ಕ್ರೂ ಮಾಡಿ ಆ ಕಲ್ಲನ್ನ ಟ್ಯಾಂಕಿನ ತಳದ ಮೇಲೇ ಕೂರಿಸಿ, ತೆಂಗಿನ ನಾರಿನ ಪುಡಿ ಮೇಲಿಂದ ಹಾಕಿ. ಪುಡಿ ಮೇಲೆ ಕಲ್ಲಿಟ್ಟರೆ ಹಾವು ಕೆಳಗೆ ತೋಡಿ ಅದ್ರಡಿ ಸಿಕ್ಕಾಕೊಳ್ಳತ್ತೆ.

ಟೇಪ್ ಮಾತ್ರ ಯಾವ ಕಾರಣಕ್ಕೂ ಒಳಗೆ ಬೇಡ, ಹಾವು ಅಂಟ್ಕೊಂಡ್ರೆ ಬಿಡಿಸೋವಾಗ ಚರ್ಮ ಕಿತ್ತು ಬರತ್ತೆ. ಸಿಲಿಕಾನ್ ಬಳಸಿದ್ರೆ ಫಂಗಸ್ ಔಷಧಿ ಸೇರಿಸದ ಅಕ್ವೇರಿಯಂ ಸಿಲಿಕಾನ್, ಅದೂ ವಿನೆಗರ್ ವಾಸನೆ ಪೂರ್ತಿ ಹೋಗೋ ತನಕ ಹಾವಿಲ್ಲದೆ ತೆರೆದಿಡಿ. ಪಾಲಿಶ್, ವಾರ್ನಿಶ್, ಪೇಂಟ್ ಏನೂ ಬಳಿಯಬೇಡಿ.

ಎತ್ತರದ ವಿಷಯ. ಆಫ್ರಿಕಾದಲ್ಲಿ ಬಾಲ್ ಪೈಥಾನ್‌ಗಳು, ಅದ್ರಲ್ಲೂ ಚಿಕ್ಕವು ಮತ್ತೆ ಗಂಡು, ಮರ ಹತ್ತಿ ಹಕ್ಕಿ ತಿನ್ನತ್ತೆ, ಹತ್ತಲ್ಲ ಅನ್ನೋದು ಸುಳ್ಳು. ಆದ್ರೆ ಕಾರ್ನ್ ಸ್ನೇಕ್‌ನಷ್ಟು ಚುರುಕಿಲ್ಲ, ದಪ್ಪ ಮೈ, ಬೀಳತ್ತೆ. ಅಡ್ಡಡ್ಡ ಇಳಿಜಾರಾಗಿ ಕೂರಿಸಿ, ಕೆಳಗೆ ಕಲ್ಲು ಬೇಡ, ಮೆತ್ತಗಿರಲಿ. ಮೇಲಿನ ತುದಿ ಹೀಟ್ ಲ್ಯಾಂಪಿಗೆ ಎಟುಕಬಾರದು, ಲ್ಯಾಂಪಿಗೆ ಜಾಲರಿ ಇರಲೇಬೇಕು. ಲ್ಯಾಂಪ್ ಎರಡು ಗಂಟೆ ಉರಿದ ಮೇಲೆ ಕೊಂಬೆ ಮೇಲ್ಭಾಗಕ್ಕೆ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ, ಬಾಲ್ ಪೈಥಾನ್‌ಗೆ 32ರಿಂದ 35 ಡಿಗ್ರಿ ಸಾಕು, ಅದಕ್ಕಿಂತ ಜಾಸ್ತಿ ಬಂದ್ರೆ ಕೊಂಬೆ ಇಳಿಸಿ. ಕೊಂಬೆ ಹಾಕಿದ ಮೇಲೆ ಹಾವು ಲ್ಯಾಂಪಿಗೆ ಹತ್ತಿರ ಬರತ್ತೆ ಅನ್ನೋದನ್ನ ಎಷ್ಟೋ ಜನ ಯೋಚನೇನೇ ಮಾಡಿರಲ್ಲ.

ಮೊದಲ ಎರಡು ಮೂರು ವಾರ ದಿನಾ ಗಮನಿಸಿ. ಹಾವು ಬಾಯಿ ತೆರೆದು ಉಸಿರಾಡೋದು, ಮೂಗಲ್ಲಿ ಗುಳ್ಳೆ, ಉಸಿರಲ್ಲಿ ಸಿಳ್ಳೆ ಸದ್ದು, ಹೊಟ್ಟೆ ಕಡೆ ಚರ್ಮ ಕೆಂಪಾಗೋದು ಕಂಡ್ರೆ ಕೊಂಬೆ ತಕ್ಷಣ ತೆಗೆದು ಸರೀಸೃಪ ನೋಡೋ ವೆಟ್ ಹತ್ರ ಹೋಗಿ, ಹೋಗುವಾಗ ಆ ಕೊಂಬೆಯ ತುಂಡು ಅಥವಾ ಮರದ ಎಲೆಯ ಫೋಟೋ ಜೊತೆಗಿರಲಿ. ಗಲೀಜು ಮಾಡಿದ್ರೆ ಆಗಲೇ ಬಿಸಿ ನೀರಲ್ಲಿ ಉಜ್ಜಿ. ತಿಂಗಳಿಗೊಮ್ಮೆ ಸ್ಕ್ರೂ ಅಲ್ಲಾಡಿಸಿ ನೋಡಿ, ಉಗುರಲ್ಲಿ ಒತ್ತಿದ್ರೆ ಮರ ಒಳಕ್ಕೆ ಹೋಗೋ ಹಾಗೆ ಮೆತ್ತಗಾಗಿದ್ರೆ ಬದಲಾಯಿಸಿ, ತೇವದ ಟ್ಯಾಂಕಲ್ಲಿ ಮಣ್ಣಿಗೆ ತಾಗಿರೋ ತುದಿ ಮೊದಲು ಹೋಗೋದು, ಅಲ್ಲಿಂದಾನೇ ನೋಡೋಕೆ ಶುರು ಮಾಡಿ.